ಒಲೆ ಹಚ್ಚದ ಮನೆಗೆ ಸ್ಯಾಂಡ್‌ವಿಚ್

ಸಾವಿನ ಮನೆಗೆ ಹೋದಾಗಲೆಲ್ಲ ನನಗೆ ಏನಾದರೊಂದು ನಗೆಯ ಪ್ರಸಂಗ ಗಂಟುಬೀಳದೆ ಇರುವುದಿಲ್ಲ. ಹಣೆಗೆ ವಿಭೂತಿ ಹಚ್ಚಿಕೊಂಡು, ಎದೆಯ ಮೇಲಿನ ಲಿಂಗವನ್ನು ಮುಟ್ಟಿ, ‘ಶಿವಾ, ಇವತ್ತರ ನಗಸಬ್ಯಾಡ’ ಎಂದು ಬೇಡಿಕೊಂಡೇ ಹೊಸ್ತಿಲು ದಾಟುತ್ತೇನೆ. ಅವನು ಕೇಳಿಸಿಕೊಂಡದ್ದು ನನಗೆ ನೆನಪಿಲ್ಲ.

ಈ ಸಲ ಹೋದದ್ದು ಪರರ ಮನೆಗಲ್ಲ, ನನ್ನ ಸ್ವಂತ ಅಕ್ಕನ ಮನೆಗೆ, ಅಫಜಲಪುರ ತಾಲೂಕಿನ ಕರಜಗಿಗೆ. ತೀರಿಕೊಂಡವರು ಭಾವ. ವಯಸ್ಸಾಗಿತ್ತು, ಕಲಬುರಗಿಯ ಆಸ್ಪತ್ರೆಯಲ್ಲಿ ಮಲಗಿ ಬಂದಿದ್ದರು, ಆದ್ದರಿಂದ ಹೋದದ್ದಕ್ಕೆ ದುಃಖವಿತ್ತೇ ಹೊರತು ಆಶ್ಚರ್ಯವಿರಲಿಲ್ಲ. ನಮಗೆ ಭಯ ಹತ್ತಿದ್ದು ಅಕ್ಕನದು. ಅಕ್ಕ ಗಂಡ ಉಣ್ಣದೆ ಉಣ್ಣದಾಕೆ. ಮದುವೆಯಾಗಿ ಆ ಮನೆಗೆ ಕಾಲಿಟ್ಟಂದಿನಿಂದ ಆಕೆ ಹಿಡಿದ ನೇಮ ಅದು. ಯಾರೂ ಹೇಳಿದ್ದಲ್ಲ, ಯಾರು ಬಿಡು ಅಂದರೂ ಬಿಟ್ಟದ್ದಲ್ಲ. ಭಾವ ಕಬ್ಬಿಗೆ ನೀರು ಬಿಡಲು ಹೋಗಿ ಹೊತ್ತು ಮಾಡಿದರೆ ಅಷ್ಟು ಹೊತ್ತೂ ಈಕೆ ಉಪವಾಸ. ಈಗ ಭಾವ ಬರುವುದೇ ಇಲ್ಲ. ಅಂದಮೇಲೆ ಅಕ್ಕ ಉಣ್ಣುವುದು ಯಾವಾಗ? ಬೆಳಿಗ್ಗೆ ಲಿಂಗಪೂಜೆಯ ನೀರು ಮೂರು ಗುಟುಕು, ಅದನ್ನು ಬಿಟ್ಟರೆ ಆಕೆಯ ಬಾಯಿಗೆ ಏನೂ ಹೋಗಲಿಲ್ಲ. ಆ ಮನೆಯಲ್ಲಿ ಇನ್ನೊಂದು ಹೆಣ ಬೀಳುತ್ತದೆಯೋ ಏನೋ ಎಂದು ನಾವೆಲ್ಲ ಜೀವ ಕೈಯಲ್ಲಿ ಹಿಡಿದುಕೊಂಡು ಓಡಾಡಿದ ದಿನಗಳಲ್ಲಿ ಈ ಪ್ರಸಂಗಗಳು ನಡೆದವು.

ಯಾರಿಗೆ ಆರಾಮಿಲ್ಲ?

ನಾನು ಸ್ಯಾಂಡ್‌ವಿಚ್ ಮಾಡಲು ಕಲಿತದ್ದು ಶೋಕಿಗಲ್ಲ. ನಮ್ಮಾಕಿಗೆ, ಅಂದರೆ ನನ್ನ ಹೆಂಡತಿಗೆ, ಮೊಣಕಾಲು ಹಿಡಿದುಕೊಂಡು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದು ಆಗದಂತಾಯಿತು. ಆಗ ವಾರಕ್ಕೊಂದೆರಡು ಹೊತ್ತು ನಾನು ಅಡುಗೆಮನೆಗೆ ನಿಂತೆ. ಅದೇನು ದೊಡ್ಡ ವಿದ್ಯೆಯಲ್ಲ. ಬ್ರೆಡ್ಡಿನ ಎರಡೂ ತುಂಡಿಗೆ ಬೆಣ್ಣೆ ಸವರಬೇಕು. ಬೆಣ್ಣೆಯಿಲ್ಲದಿದ್ದರೆ ಮೊಸರಿನ ನೀರು ಕುಡಿದು ಬ್ರೆಡ್ಡು ಕೈಯಲ್ಲೇ ಹರಿಯುತ್ತದೆ. ಒಂದರ ಮೇಲೆ ಶೇಂಗಾ ಹಿಂಡಿಯನ್ನು, ಅಂದರೆ ನಮ್ಮ ಕಡೆಯ ಖಾರದ ಚಟ್ನಿಪುಡಿಯನ್ನು, ಗಟ್ಟಿ ಮೊಸರಿನಲ್ಲಿ ಕಲಸಿ ಹಚ್ಚಬೇಕು. ಮೊಸರನ್ನು ಮೊದಲೇ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿರಬೇಕು. ನಡುವೆ ಸೌತೆಕಾಯಿ, ಉಳ್ಳಾಗಡ್ಡಿ, ನಾಲ್ಕು ಎಳೆ ಹಸಿ ಮೆಂತ್ಯಪಲ್ಯ. ಬದಿಗೆ ಹುರಿದ ಶೇಂಗಾ, ಮಾವಿನ ಉಪ್ಪಿನಕಾಯಿಯ ಒಂದು ಹೋಳು. ರೊಟ್ಟಿಯ ಜೊತೆ ಏನೇನು ಚೆಂದವೋ ಅದೆಲ್ಲ ಬ್ರೆಡ್ಡಿಗೂ ಚೆಂದ. ಬಳಗದವರು ನನಗೆ ‘ಬ್ರೆಡ್ಡಿನ ಶರಣರು’ ಎಂದು ಹೆಸರಿಟ್ಟಿದ್ದಾರೆ. ನಾನೂ ಸುಮ್ಮನಿದ್ದೇನೆ. ಇದಕ್ಕಿಂತ ಕೆಟ್ಟ ಹೆಸರು ಇಡುವ ಶಕ್ತಿ ಅವರಿಗಿದೆ.

ಭಾವ ಹೋದ ಸುದ್ದಿ ಬೆಳಿಗ್ಗೆ ಬಂತು. ನಮ್ಮಾಕಿ ಕಣ್ಣೊರೆಸಿಕೊಂಡು ಮೊದಲು ಆಡಿದ ಮಾತು ಇದು: “ಅಲ್ಲಿ ಒಲಿ ಹಚ್ಚೂದಿಲ್ಲ. ಮಂದಿ ರೊಟ್ಟಿ-ಜುಣಕ ತರ್ತಾರ. ರೊಟ್ಟಿ ಕಂಡ್ರ ಅಕ್ಕಗ ಗಂಡ ನೆನಪಾಗ್ತಾನ, ಮುಟ್ಟೂದಿಲ್ಲ. ನೀವು ಬ್ರೆಡ್ಡಿಂದು ಮಾಡ್ರಿ. ಬ್ರೆಡ್ ಕಂಡ್ರ ಯಾರ ನೆನಪೂ ಬರೂದಿಲ್ಲ.”

ನನಗೆ ಮಾತು ಸರಿಯೆನಿಸಿತು. ನಮ್ಮೂರು ಆಳಂದದ ಬಸ್ ನಿಲ್ದಾಣದ ಹತ್ತಿರದ ಬೇಕರಿಗೆ ಹೋಗಿ, ತತ್ತಿ ಹಾಕದ ಬ್ರೆಡ್ಡೆಂದು ಕೇಳಿ ಕೇಳಿ ಖಾತ್ರಿ ಮಾಡಿಕೊಂಡು, ಒಂದು ಚೀಲ ತುಂಬ ಕೊಡಲು ಹೇಳಿದೆ. ನಮ್ಮ ಕಡೆ ಬ್ರೆಡ್ಡೆಂದರೆ ಜ್ವರ ಬಂದವರ ಆಹಾರ. ಬೇಕರಿಯವನು ಗಾಬರಿಯಾದ.

“ಯಾರಿಗಿ ಆರಾಮಿಲ್ರಿ ಅಣ್ಣಾರ? ಮನಿ ಮಂದಿಯೆಲ್ಲಾ ಜ್ವರ ಬಂದು ಬಿದ್ದಾರೇನು?”

“ಯಾರೂ ಬಿದ್ದಿಲ್ಲಪ್ಪ. ಭಾವ ತೀರಿಕೊಂಡಾರ.”

ಅವನ ಕೈ ಅಲ್ಲೇ ನಿಂತಿತು. “ಅಯ್ಯ ಶಿವನ! ತೀರಿಕೊಂಡ ಮ್ಯಾಲ ಎದಕ್ರಿ ಬ್ರೆಡ್ಡು? ಆರಾಮಿಲ್ಲದಾಗ ಒಯ್ಬೇಕಿತ್ತಲ್ರಿ!”

ಬ್ರೆಡ್ಡು ಹೊತ್ತಿಗೆ ಸರಿಯಾಗಿ ಮುಟ್ಟಿದ್ದರೆ ಭಾವ ಉಳಿಯುತ್ತಿದ್ದರು ಎಂಬಂತೆ ಅವನು ನನ್ನ ಮುಖ ನೋಡಿದ. ಏನು ಹೇಳಲಿ? ನಾನೂ ತಪ್ಪು ಮಾಡಿದವನಂತೆ ತಲೆ ತಗ್ಗಿಸಿ ಚೀಲ ಎತ್ತಿಕೊಂಡು ಬಂದೆ.

ಸುಟ್ಟದ್ದೋ, ಬೇಯಿಸಿದ್ದೋ

ನಾವು ಮುಟ್ಟುವಾಗ ಭಾವನವರನ್ನು ಪಡಸಾಲೆಯಲ್ಲಿ ಕೂಡಿಸಿದ್ದರು. ವಿಭೂತಿ ಹಚ್ಚಿ, ರುಮಾಲು ಸುತ್ತಿ, ಚಸ್ಮಾ ಹಾಕಿದ್ದರು. ಭಜನೆಯವರು ಹಾಡುತ್ತಿದ್ದರು. ಊರ ಸ್ವಾಮಿಗಳು ಮಣ್ಣು ಕೊಡಲು ಸಿದ್ಧರಿದ್ದರು. ಆದರೆ ಅಕ್ಕನ ಮಗಳು ಸೊಲ್ಲಾಪುರದಿಂದ ಬರಬೇಕಿತ್ತು, ಅವಳ ಬಸ್ಸು ಬಂದಿರಲಿಲ್ಲ. ಆಕೆ ಮುಖ ನೋಡುವವರೆಗೆ ಎತ್ತುವಂತಿಲ್ಲ. ಮಣ್ಣು ಕೊಡುವವರೆಗೆ ಆ ಮನೆಯಲ್ಲಿ ಯಾರೂ ಬೇಯಿಸಿದ್ದನ್ನು ಮುಟ್ಟುವಂತಿಲ್ಲ. ಮಧ್ಯಾಹ್ನ ಇಳಿಯಿತು. ಭಜನೆಯವರ ದನಿ ನೆಲ ಹಿಡಿಯಿತು. ತಾಳ ಹೊಡೆಯುವವನು ಎರಡು ಹೊಡೆತಕ್ಕೊಮ್ಮೆ ನಾನು ಸ್ಯಾಂಡ್‌ವಿಚ್ ತುಂಬಿಕೊಂಡು ತಂದ ಡಬ್ಬಿಯ ಕಡೆ ನೋಡತೊಡಗಿದ.

ಭಾವನ ಕಾಕಾ ಒಬ್ಬರಿದ್ದಾರೆ. ಆ ಮನೆತನದಲ್ಲಿ ಎಲ್ಲರಿಗಿಂತ ಹಿರಿಯರು, ಅವರು ಆಡಿದ್ದೇ ಕಾಯ್ದೆ. ಅವರು ಕೋಲೂರಿಕೊಂಡು ಬಂದು ನನ್ನ ಪಕ್ಕ ಕೂತರು.

“ಏನದ ತಮ್ಮ, ಆ ಡಬ್ಬ್ಯಾಗ?”

“ಸ್ಯಾಂಡ್‌ವಿಚ್ ರಿ ಕಾಕಾ. ಅಕ್ಕಗಂತ ತಂದೇನಿ. ಬ್ರೆಡ್ಡಿನಾಗ ಹಿಂಡಿ, ಮೊಸರು, ಸೌತಿಕಾಯಿ.”

“ಸುಟ್ಟದ್ದೋ, ಬೇಯಿಸಿದ್ದೋ?”

“ಒಳಗಿಂದು ಹಸೀದ್ರಿ. ಹೊರಗಿಂದು ಭಟ್ಟ್ಯಾಗ ಸುಟ್ಟದ್ದು.”

ಕಾಕಾ ಕಣ್ಣು ಮುಚ್ಚಿ ವಿಚಾರ ಮಾಡಿದರು. “ಬೇಯಿಸಿದ್ದು ನಡಿಯೂದಿಲ್ಲ. ಸುಟ್ಟದ್ದು ನಡೀತದ. ಸುಟ್ಟ ಶೇಂಗಾ ತಿಂತೀವಿಲ್ಲೋ?”

ಪಕ್ಕದ ಮನೆಯ ಹಿರಿಯರೊಬ್ಬರಿಗೆ ಇದು ಒಪ್ಪಿಗೆಯಾಗಲಿಲ್ಲ. “ಭಟ್ಟಿ ಅಂದ್ರ ಒಲಿನೇ ಅಲ್ಲೇನು? ಹೆಣ ಮನ್ಯಾಗಿದ್ದಾಗ ಒಲಿ ಹಚ್ಚಿದಂಗಾತಲ್ಲ!”

“ಒಲಿ ಖರೇ. ಆದ್ರ ಅದು ಆಳಂದದ ಒಲಿ. ಆಳಂದದಾಗ ಯಾರು ಸತ್ತಾರ?”

“ಅಷ್ಟು ದೊಡ್ಡ ಊರಾಗ ಇವತ್ತ ಯಾರೂ ಸತ್ತಿಲ್ಲಂತ ನೀ ಹ್ಯಾಂಗ ಹೇಳ್ತಿ?”

“ಸತ್ತಿರಬಹುದು. ಆದ್ರ ನನಗ ಹೇಳಿ ಕಳಿಸಿಲ್ಲ. ಹೇಳಿ ಕಳಿಸದ ಸಾವು ನಮಗ ಲಾಗೂ ಆಗೂದಿಲ್ಲ.”

ಕಾಯ್ದೆ ಪಾಸಾಯಿತು. ಡಬ್ಬಿ ಹಿತ್ತಲಲ್ಲಿ ಮೇವಿನ ಬಣವೆಯ ಹಿಂದಕ್ಕೆ ಹೋಯಿತು. ಭಜನೆಯವರು ಪಾಳಿಯ ಮೇಲೆ ಹಿಂದೆ ಹೋಗಿ ಬರತೊಡಗಿದರು. ಹೋಗಿ ಬಂದವನ ದನಿ ಏರುತ್ತಿತ್ತು, ಅದರಿಂದ ಯಾರು ತಿಂದರು ಯಾರು ತಿಂದಿಲ್ಲ ಎಂಬುದು ಪಡಸಾಲೆಯಲ್ಲಿ ಕೂತವರಿಗೆಲ್ಲ ತಿಳಿಯುತ್ತಿತ್ತು. ಮಗಳು ಬಂದಿಳಿದು, ಅಪ್ಪನ ಕೊರಳಿಗೆ ಬಿದ್ದು ಅತ್ತು, ಮಣ್ಣು ಕೊಡುವ ಕೆಲಸ ಮುಗಿದು, ಅಕ್ಕನಿಗೆ ಒಂದು ತುಂಡು ಕೊಡೋಣವೆಂದು ನಾನು ಬಣವೆಯ ಹಿಂದೆ ಹೋದೆ. ಡಬ್ಬಿಯ ತಳದಲ್ಲಿ ಒಂದೇ ಒಂದು ಉಳಿದಿತ್ತು. ಪಕ್ಕದ ಮನೆಯ ಹಿರಿಯರು ಅದನ್ನೂ ಕೈಗೆತ್ತಿಕೊಂಡು, ಬಾಯಲ್ಲಿದ್ದದ್ದನ್ನು ನುಂಗಿ ಹೇಳಿದರು:

“ನನಗಿನ್ನೂ ಸಂಶಯ ಅದ, ನೋಡ್ರಿ.”

ಉಳ್ಳಾಗಡ್ಡಿ

ಮಣ್ಣು ಕೊಟ್ಟ ಮರುದಿನದಿಂದ ಎಣಿಸಿ ಮೂರನೆಯ ದಿನದ ಕಾರ್ಯ ಮುಗಿಯುವವರೆಗೆ ಒಲೆ ಹಚ್ಚದಿರುವುದು ಆ ಮನೆತನದ ಪದ್ಧತಿ. ಮರುದಿನ ನಾನು ಅಫಜಲಪುರಕ್ಕೆ ಹೋಗಿ ಪಾವು ಬ್ರೆಡ್ಡು ತಂದು ಹೊಸದಾಗಿ ಮಾಡಲು ಕೂತೆ. ಪಾವಿಗೆ ಬೆಣ್ಣೆ ಹೆಚ್ಚು ಬೇಡ, ಅದು ತಾನೇ ಮೆತ್ತಗೆ. ನಡುವೆ ಸೀಳಿ, ಅಗಸಿ ಹಿಂಡಿಯನ್ನು ಎಣ್ಣೆಯಲ್ಲಿ ಕಲಸಿ ತುಂಬಿ, ಮೇಲೆ ಉಳ್ಳಾಗಡ್ಡಿ ಒತ್ತಿದರೆ ಸಾಕು. ನಾನು ದನದ ಕೊಟ್ಟಿಗೆಯ ಪಕ್ಕ ಈಳಿಗೆಮಣೆ ಹಾಕಿಕೊಂಡು ಉಳ್ಳಾಗಡ್ಡಿ ಹೆಚ್ಚತೊಡಗಿದೆ. ಒಳಗೆ ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ನಮ್ಮ ಕಡೆ ಅಳುವುದೆಂದರೆ ಬರೀ ಕಣ್ಣೀರಲ್ಲ. ಹೋದವರ ಗುಣಗಳನ್ನೆಲ್ಲ ಸಾಲಾಗಿ ಎತ್ತಿ ಆಡಬೇಕು, ಕಣ್ಣೀರು ಮಾತಿಗೆ ಸರಿಯಾಗಿ ಇಳಿಯಬೇಕು. ಇಳಿಯದಿದ್ದರೆ ನೋಡಿದವರು ಊರಿಗೆ ಹೋಗಿ ಹೇಳುತ್ತಾರೆ.

ಹೊಸದಾಗಿ ಮದುವೆಯಾಗಿ ಬಂದ ಒಬ್ಬ ಸೊಸೆ ಸೆರಗು ಹೊದ್ದುಕೊಂಡು ಮೆಲ್ಲಗೆ ನನ್ನ ಹತ್ತಿರ ಬಂದಳು.

“ಮಾವಾರ, ಜರಾ ಇಲ್ಲೇ ಕೂಡ್ಲಿ?”

“ಯಾಕವ್ವ, ಏನಾತು?”

“ಅತ್ತಿ ಬೈಯಾಕತ್ತಾಳ್ರಿ. ಎಲ್ಲಾರೂ ಅಳಾಕತ್ತಾರ, ನನಗ ಬರವಲ್ದು. ನಾ ಅವರನ್ನ ನೋಡಿದ್ದೇ ಒಂದು ಸಲ.”

ನಾನು ಮಣೆಯನ್ನು ಆಕೆಯ ಕಡೆ ಸರಿಸಿದೆ. ಆಕೆ ಬಗ್ಗಿ ಆಳವಾಗಿ ಎರಡು ಸಲ ಉಸಿರೆಳೆದುಕೊಂಡಳು. ಕಣ್ಣಲ್ಲಿ ನೀರು ಬಂದದ್ದೇ, ಚೆಲ್ಲಬಾರದೆಂದು ತಲೆಯನ್ನು ಮೇಲಕ್ಕೆತ್ತಿ ಹಿಡಿದು ಒಳಗೆ ಓಡಿದಳು. ಒಳಗಿಂದ ಆಕೆಯ ಅತ್ತೆಯ ಮಾತು ಕೇಳಿಸಿತು: “ಅಯ್ಯ, ಎಷ್ಟು ಮಾಯಾ-ಮಮತಿ ಇರೂ ಹುಡುಗಿ!”

ಅದಾದ ಮೇಲೆ ಒಬ್ಬೊಬ್ಬರೇ ಬರತೊಡಗಿದರು. ಅತ್ತೂ ಅತ್ತೂ ಕಣ್ಣೀರು ತೀರಿದ ಮುದುಕಿಯೊಬ್ಬಳು ಬಂದಳು. ಅವಳ ಸಂಕಟ ಖರೇ, ನೀರು ಮಾತ್ರ ಉಳಿದಿರಲಿಲ್ಲ. ಜೇವರ್ಗಿ ಕಡೆಯಿಂದ ತಡವಾಗಿ ಬಂದ ಬೀಗರು, ಬಾಗಿಲಿಗೆ ಹೋಗುವ ಮೊದಲೇ, “ಎಲ್ಲಿ ಹೆಚ್ಚಾಕತ್ತಾರ?” ಎಂದು ಕೇಳಿಕೊಂಡು ನನ್ನ ಕಡೆ ಬಂದರು. ಕೊನೆಗೆ ಕಾಕಾ ಬಂದು ಕೋಲು ಬದಿಗಿಟ್ಟು, “ನನಗೊಂದು ದೊಡ್ಡದು ನೋಡಿ ಹೆಚ್ಚಪ್ಪ, ಕಣ್ಣಿಗೆ ಪರದೆ ಬಂದದ, ಸಣ್ಣದು ಹತ್ತೂದಿಲ್ಲ” ಎಂದರು.

ಇಷ್ಟೆಲ್ಲ ಗದ್ದಲದಲ್ಲಿ ಕಣ್ಣೀರು ಹಾಕದೆ ಕೂತವಳು ಅಕ್ಕ ಒಬ್ಬಳೇ. ಗೋಡೆಗೆ ಬೆನ್ನು ಕೊಟ್ಟು ಎದುರಿಗೆ ಭಾವ ಉಣ್ಣಲು ಕೂಡುತ್ತಿದ್ದ ಖಾಲಿ ಮಣೆಯನ್ನು ನೋಡುತ್ತಿದ್ದಳು. ನಾನು ತಟ್ಟೆ ಹಿಡಿದೆ. “ಒಂದು ತುತ್ತು ತಿನ್ನು ಅಕ್ಕ. ಇದು ರೊಟ್ಟಿ ಅಲ್ಲ.”

“ಗೊತ್ತಾಗ್ತದ ತಮ್ಮ. ಕಣ್ಣು ಕಾಣ್ತಾವ ನನಗ. ಅವರು ಉಂಡಿಲ್ಲ.” ಅಷ್ಟೇ ಅಂದು ತಟ್ಟೆಯನ್ನು ಸರಿಸಿದಳು.

ನಾನು ಹೊರಗೆ ಬಂದು ನೋಡಿದರೆ, ನಮ್ಮಾಕಿ ಉಳ್ಳಾಗಡ್ಡಿಯ ಬುಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು.

“ತಿನ್ನಾಕ ನಾಕರ ಉಳಸ್ರಿ. ಎಲ್ಲಾ ಅಳಾಕೇ ಖರ್ಚು ಮಾಡೀರಿ.”

ಮುಚ್ಚಿಟ್ಟ ಬಟ್ಟಲು

ಆ ಸಂಜೆ ಮೊಸರು ಕಲಸಲು ಒಂದು ಬಟ್ಟಲು ಬೇಕಾಯಿತು. ದೇವರ ಕೋಣೆಯ ಪಕ್ಕದ ಗೂಡಿನಲ್ಲಿ ಒಂದು ಸ್ಟೀಲಿನ ಬಟ್ಟಲಿತ್ತು, ಮೇಲೆ ತಟ್ಟೆ ಮುಚ್ಚಿತ್ತು. ತಟ್ಟೆ ತೆಗೆದೆ. ನೀರಿನೊಳಗೆ ಭಾವನವರ ಹಲ್ಲಿನ ಸೆಟ್ಟು ನನ್ನನ್ನು ನೋಡಿ ನಗುತ್ತಿತ್ತು.

ನನ್ನ ಕೈಯಿಂದ ತಟ್ಟೆ ಬಿದ್ದ ಸಪ್ಪಳಕ್ಕೆ ಮನೆಯೆಲ್ಲ ಕೂಡಿತು. ಮೈ ತೊಳೆಯುವಾಗ ಯಾರೋ ತೆಗೆದು ಜೋಪಾನವಾಗಿ ನೀರಲ್ಲಿಟ್ಟು, ಮತ್ತೆ ಹಾಕುವುದನ್ನು ಮರೆತಿದ್ದರು. ಯಾರು ತೆಗೆದದ್ದೆಂದು ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. ಬಟ್ಟಲಲ್ಲಿ ಮಾತ್ರ ಬಾಯಿ ಬಿಟ್ಟೇ ಇತ್ತು.

ಮಣ್ಣಾದ ಮೇಲೆ ಅಕ್ಕ ತಾನಾಗಿ ಮಾತಾಡಿದ್ದು ಆಗಲೇ.

“ಹಲ್ಲು ಇಲ್ಲೇ ಇಟ್ಟು ಕಳಿಸೀರಿ? ಅವರು ಉಣ್ಣೂದು ಹ್ಯಾಂಗ?”

ಕಾಕಾ ಸಮಾಧಾನ ಹೇಳಿದರು. “ಹೋದವರಿಗಿ ಹಲ್ಲು ಎದಕ್ಕವ್ವ?”

“ಚಸ್ಮಾ ಹಾಕಿ ಕಳಿಸೀರಲ್ಲ! ಚಸ್ಮಾ ಬೇಕಾಗ್ತದ, ಹಲ್ಲು ಬ್ಯಾಡೇನು? ಅಲ್ಲಿ ಕೂತು ಎಲ್ಲಾ ನೋಡಬೇಕು, ಏನೂ ತಿನಬಾರದೇನು?”

ನಾನು ದಿನವೂ ಲಿಂಗಪೂಜೆ ಮಾಡುವವನು. ಶರಣರ ಮಾತು ಓದಿಕೊಂಡು ಬೆಳೆದವನು. ಲಿಂಗದಲ್ಲಿ ಐಕ್ಯವಾದವರಿಗೆ ಹಸಿವು ಬಾಯಾರಿಕೆ ಇಲ್ಲವೆಂದು ಮನಸಾರೆ ನಂಬಿದವನು. ಆದರೆ ಆ ಬಟ್ಟಲಿನ ಮುಂದೆ ನಿಂತು ಅದನ್ನು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಗುದ್ದಲಿ ತರಲೇ ಎಂದು ಭಾವನ ಅಣ್ಣನ ಮಗ ಕೇಳಿದ್ದಕ್ಕೆ ಕಾಕಾ ಕೋಲೆತ್ತಿದರು. ಕೊನೆಗೆ ಜೇವರ್ಗಿ ತಾಲೂಕಿನಲ್ಲಿರುವ ಮನೆತನದ ಗುರುಗಳಾದ ಜಂಗಮ ಅಯ್ಯನವರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಿಸುವಂತೆ ಸ್ಪೀಕರಿನಲ್ಲಿಟ್ಟು ಸಂಗತಿ ಹೇಳಿದೆವು. ಅವರು ಮೂರನೆಯ ದಿನಕ್ಕೆ ಬರುವವರಿದ್ದರು. ಸಂಗತಿ ಕೇಳಿ ಗಂಭೀರವಾಗಿ ಹೇಳಿದರು:

“ಶಿವನಲ್ಲಿ ಬೆರೆತವರಿಗೆ ಹಸಿವಿಲ್ಲ, ಹಲ್ಲಿನ ಹಂಗಿಲ್ಲ. ಚಿಂತಿ ಮಾಡಬ್ಯಾಡ್ರಿ.”

ಎಲ್ಲರೂ ಕೈ ಮುಗಿದೆವು. ಅಕ್ಕ ಮಾತ್ರ ಗೋಡೆಯ ಕಡೆ ಹೊರಳಿ ಕೂತಳು.

“ಅಯ್ಯಾರಿಗಿ ತಮ್ಮವು ಗಟ್ಟಿ ಅವ. ಅದಕ ಹಂಗಂತಾರ.”

ಫೋನು ಇನ್ನೂ ಬಂದ್ ಆಗಿರಲಿಲ್ಲ.

ಸಲೈನು

ಮರುದಿನ ನಸುಕಿಗೆ ಅಕ್ಕನಿಗೆ ಏಳಲು ಆಗಲಿಲ್ಲ. ಮಲಗಿದಲ್ಲೇ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸಿದಳು. ಊರಿನ ಡಾಕ್ಟರು ಬಂದು ನಾಡಿ ನೋಡಿ ನಮ್ಮನ್ನು ಹೊರಗೆ ಕರೆದರು. “ಸಕ್ಕರಿ ಬ್ಯಾನಿ ಇದ್ದವರು ಹಿಂಗ ಕೂತ್ರ ಉಳಿಯೂದಿಲ್ರಿ. ಸಲೈನು ಹಚ್ಚೂಣು. ಆದ್ರ ಅದು ಒಂದು ದಿನದ ಮಾತು. ಹೊಟ್ಟ್ಯಾಗ ಅನ್ನ ಬೀಳಬೇಕು.”

ಸಲೈನಿಗೆ ಅಕ್ಕ ಒಪ್ಪುತ್ತಾಳೆಯೆ? ನಾಲ್ಕು ಜನ ಹಿಡಿದುಕೊಂಡಾದರೂ ಹಚ್ಚಬೇಕೆಂದು ಮಾತಾಡಿಕೊಂಡು ಒಳಗೆ ಹೋದೆವು. ಅ‌ಕ್ಕ ಬಾಟಲಿಯನ್ನು ನೋಡಿದಳು.

“ಇದು ಅವರಿಗೂ ಆಸ್ಪತ್ರ್ಯಾಗ ಹಚ್ಚಿದ್ರಲ್ಲ?”

“ಹೌದ್ರಿ ಅವ್ವಾರ.”

“ಹಂಗಾರ ಹಚ್ಚಪ್ಪ. ಅವರದು ಆಗ್ಯಾದ.” ಅಂದು ತಾನೇ ತೋಳು ಚಾಚಿದಳು.

ಹಿಡಿಯಲು ಬಂದ ನಾಲ್ವರೂ ಸುಮ್ಮನೆ ಗೋಡೆಗೆ ನಿಂತರು. ನನ್ನ ತಲೆಯಲ್ಲಿ ದೀಪ ಹತ್ತಿದಂತಾಯಿತು. ಬಗ್ಗಿ ಹೇಳಿದೆ: “ಅಕ್ಕ, ಭಾವ ಆಸ್ಪತ್ರ್ಯಾಗ ಬ್ರೆಡ್ಡೂ ತಿಂದಾರ! ನಾನೇ ನೋಡೇನಿ!”

“ತಿಂದಾರ,” ಎಂದಳು ಅಕ್ಕ ಕಣ್ಣು ಮುಚ್ಚಿಕೊಂಡೇ. “ಅರ್ಧ ತಿಂದ್ರು. ಉಳಿದರ್ಧ ಅವತ್ತೇ ನಾ ತಿಂದೇನಿ. ಅದು ಅಲ್ಲಿಗೇ ಮುಗೀತು.”

ಡಾಕ್ಟರು ಹೊರಗೆ ಬಂದವರೇ ನಮ್ಮಾಕಿಯ ಹತ್ತಿರ ಮೆಲ್ಲಗೆ ಕೇಳಿದರು: “ಆಸ್ಪತ್ರ್ಯಾಗ ಯಜಮಾನ್ರು ಮತ್ತೇನೇನು ತಗೊಂಡಿದ್ರು, ಜರಾ ನೆನಪು ಮಾಡ್ರಿ. ಅರ್ಧ ಬಿಡಲಾರದೆ ಪೂರ್ತಿ ತಗೊಂಡದ್ದು.”

ನಮ್ಮಾಕಿ ಬಹಳ ಹೊತ್ತು ನೆನಪು ಮಾಡಿಕೊಂಡಳು.

“ಇಂಜೆಕ್ಷನ್ ರಿ.”

ಅಯ್ಯನವರ ಪ್ರಸಾದ

ದಾರಿ ತೋರಿಸಿದವಳೂ ನಮ್ಮಾಕಿಯೇ. ಸಲೈನಿನ ಬಾಟಲಿ ಇಳಿಯುವುದನ್ನು ನೋಡುತ್ತ ಕೂತವಳು ಒಮ್ಮೆಲೇ ಹೇಳಿದಳು: “ಅಕ್ಕ, ಜಂಗಮ ಉಂಡ್ರ ಶಿವ ಉಂಡಂಗ. ಹೌದಿಲ್ಲೋ?”

“ಹೌದು,” ಎಂದಳು ಅಕ್ಕ. ಈ ಮಾತನ್ನು ಇಲ್ಲವೆನ್ನುವವರು ನಮ್ಮಲ್ಲಿ ಯಾರೂ ಇಲ್ಲ.

“ನಿಮ್ಮ ಯಜಮಾನ್ರು, ನಮ್ಮ ಅಣ್ಣಾರು, ಈಗ ಶಿವನಲ್ಲಿ ಸೇರ್ಯಾರ. ಹೌದಿಲ್ಲೋ?”

“ಹೌದು.”

“ಹಂಗಾರ ಅಯ್ಯಾರು ಬಂದು ಉಂಡ್ರ ಅಣ್ಣಾರು ಉಂಡಂಗೇ ಆತು.”

ಅಕ್ಕ ಬಹಳ ಹೊತ್ತು ಸೂರು ನೋಡಿದಳು. “ನೋಡೂಣು. ಆದ್ರ ಹಲ್ಲಿಲ್ಲದವರು ಉಣ್ಣುವಂಥಾದ್ದು ಮಾಡ್ರಿ. ಅಯ್ಯಾರ ಹಲ್ಲು ನೋಡಿ ಮಾಡಬ್ಯಾಡ್ರಿ, ಅವರದು ನೋಡಿ ಮಾಡ್ರಿ.”

ಒಲೆಯಿಲ್ಲದೆ ಆಗಬೇಕು, ಹಲ್ಲಿಲ್ಲದೆ ಇಳಿಯಬೇಕು, ಅಯ್ಯನವರ ಮುಂದೆ ಇಡುವಂತಿರಬೇಕು. ಅಂಥ ಅಡುಗೆ ಸ್ಯಾಂಡ್‌ವಿಚ್ ಒಂದೇ. ಮರುದಿನ, ಅಂದರೆ ಮೂರನೆಯ ದಿನ, ಬೆಳಿಗ್ಗೆ ಹೊಲದಲ್ಲಿದ್ದ ಭಾವನ ಸಮಾಧಿಯ ಗದ್ದುಗೆಗೆ ಹಾಲೆರೆದು ಬಂದ ಮೇಲೆ ನಾನು ಮೈ ತೊಳೆದು, ಪೂಜೆ ಮುಗಿಸಿ, ಮಾಡಲು ಕೂತೆ. ಬ್ರೆಡ್ಡಿನ ಅಂಚುಗಳನ್ನೆಲ್ಲ ಕೊಯ್ದು ತೆಗೆದೆ. ಪ್ರಸಾದಕ್ಕೆ ತಂದದ್ದು ವ್ಯರ್ಥವಾಗಬಾರದೆಂದು ಆ ಅಂಚುಗಳನ್ನು ನಾನೇ ತಿಂದೆ. ಶೇಂಗಾ ಹಿಂಡಿಯನ್ನು ಕಲ್ಲಿನಲ್ಲಿ ಮತ್ತೊಮ್ಮೆ ಅರೆದು ಮೊಸರಿನಲ್ಲಿ ಕಲಸಿದೆ. ಸೌತೆಕಾಯಿಯ ಸಿಪ್ಪೆ, ಬೀಜ ತೆಗೆದು ತುರಿದು, ನೀರು ಹಿಂಡಿ ಹಾಕಿದೆ. ಬದಿಗೆ ಇಡುವ ಹುರಿದ ಶೇಂಗಾವನ್ನೂ ಬೆಲ್ಲದ ಜೊತೆ ಕುಟ್ಟಿ ಪುಡಿ ಮಾಡಿದೆ. ಕುಡಿಯಲು ಮಜ್ಜಿಗೆ. ನನ್ನ ಜೀವಮಾನದಲ್ಲಿ ಇಷ್ಟು ಅಂಜಿಕೊಂಡು ನಾನು ಏನನ್ನೂ ಮಾಡಿದವನಲ್ಲ.

ಅಯ್ಯನವರು ಬಂದರು. ಪಾದಪೂಜೆಯಾಯಿತು. ಭಾವ ಕೂಡುತ್ತಿದ್ದ ಮಣೆಯ ಮೇಲೆ ಅವರನ್ನು ಕೂಡಿಸಿದೆವು. ಎದುರಿಗೆ ಅಕ್ಕನನ್ನು ಎತ್ತಿ ತಂದು ಗೋಡೆಗೆ ಒರಗಿಸಿದೆವು. ಅಯ್ಯನವರು ಒಂದು ಸ್ಯಾಂಡ್‌ವಿಚ್ ಎತ್ತಿ, ಬಾಗಿಲು ತೆರೆದಂತೆ ಅದನ್ನು ತೆರೆದು ಒಳಗೆ ನೋಡಿ, ಮತ್ತೆ ಮುಚ್ಚಿದರು.

“ತತ್ತಿ ಇಲ್ಲಲ್ಲ?”

“ಇಲ್ರಿ ಅಪ್ಪಾರ. ಆಣಿ ಮಾಡಿ ಹೇಳ್ತೇನಿ.”

ತಿನ್ನತೊಡಗಿದರು. ಪಡಸಾಲೆಯ ತುಂಬ ಮಂದಿ. ಒಬ್ಬರು ಉಣ್ಣುವುದನ್ನು ಅಷ್ಟು ಜನ ಅಷ್ಟು ಭಕ್ತಿಯಿಂದ ನೋಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರ ಗಂಟಲು ಏರಿದರೆ ನಮ್ಮದೂ ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ಅಕ್ಕನ ಕಣ್ಣು ಅವರ ಬಾಯಿಯ ಮೇಲಿತ್ತು. ಒಂದು ಮುಗಿಯಿತು. ಅಕ್ಕ ಅಲ್ಲಾಡಲಿಲ್ಲ. ಎರಡನೆಯದೂ ಮುಗಿಯಿತು. ಅಕ್ಕ ಅಲ್ಲಾಡಲಿಲ್ಲ. ನಾನು ಮೂರನೆಯದನ್ನು ಇಟ್ಟೆ. ಈ ದಾರಿಯೂ ಮುಚ್ಚಿತು, ಇನ್ನು ಉಳಿದದ್ದು ಆಸ್ಪತ್ರೆ, ಅದರಾಚೆ ಹೊಲದಲ್ಲಿ ಭಾವನ ಪಕ್ಕದ ಜಾಗ ಎಂದು ಮನಸ್ಸು ಹೇಳುತ್ತಿತ್ತು.

ಅಯ್ಯನವರಿಗೆ ನಮ್ಮ ಮನಸ್ಸಿನ ಲೆಕ್ಕಾಚಾರ ಯಾರೂ ಹೇಳಿರಲಿಲ್ಲ. ಅವರು ಸರಳ ಮನುಷ್ಯರು. ಮೂರನೆಯದನ್ನು ಒಂದು ತುತ್ತು ಕಚ್ಚಿ, ಅಗಿದು, ಉಳಿದದ್ದನ್ನು ತಟ್ಟೆಯಲ್ಲಿಟ್ಟು ಹೇಳಿದರು:

“ಎಲ್ಲಾ ಭೇಷ್ ಆಗ್ಯಾದ. ಉಪ್ಪು ಮಾತ್ರ ಜರಾ ಕಡಿಮಿ.”

ಗೋಡೆಗೊರಗಿದ್ದ ಅಕ್ಕ ನೆಟ್ಟಗಾದಳು.

“ಕಡಿಮಿ ಏನಿಲ್ಲ! ನಾಲಿಗಿ ಸತ್ತದ ನಿಮ್ದು. ಸುಮ್ಮ ಉಣ್ರಿ!”

ಕಾಕಾನ ಕೋಲು ನೆಲಕ್ಕೆ ಬಿತ್ತು. ಗುರುಗಳಿಗೆ, ಪಾದಪೂಜೆ ಮಾಡಿದ ಕಾಲ ಮೇಲಿನ ನೀರು ಆರುವ ಮೊದಲೇ, ಇಂಥ ಮಾತು! ಆದರೆ ಆ ಮನೆಯ ಗೋಡೆಯಾಚೆ ಇರುವವರಿಗೆಲ್ಲ ಅದು ಹೊಸ ಮಾತಲ್ಲ. ಭಾವ ಎರಡೂ ಹೊತ್ತು ಉಣ್ಣುವಾಗ ಉಪ್ಪು ಕಡಿಮೆ ಅನ್ನುವುದು, ಅಕ್ಕ ಇದೇ ಮಾತು ತಿರುಗಿ ಅನ್ನುವುದು, ಅಂದು ಅವರ ತಟ್ಟೆಗೇ ಕೈ ಹಾಕಿ ಒಂದು ತುತ್ತು ತಿಂದು, ‘ಸರಿ ಅದ’ ಎಂದು ತೀರ್ಪು ಕೊಡುವುದು, ಅಲ್ಲಿಂದ ಆಕೆಯ ಊಟ ಸುರುವಾಗುವುದು. ಇದು ಆ ಮನೆಯಲ್ಲಿ ದೀಪ ಹಚ್ಚಿದಷ್ಟೇ ದಿನನಿತ್ಯದ ಸಂಗತಿ.

ಅಯ್ಯನವರು ಸಿಟ್ಟಾಗಲಿಲ್ಲ. ಆದರೆ ಉಪ್ಪಿನ ವಿಷಯದಲ್ಲಿ ಹಿಂದೆಯೂ ಸರಿಯಲಿಲ್ಲ.

“ಕಡಿಮಿ ಅದ ತಾಯಿ. ಸುಳ್ಳು ಹೇಳಲಿ ಯಾಕ? ಬೇಕಂದ್ರ ನೀನೇ ನೋಡು.” ಎಂದು ತಟ್ಟೆಯನ್ನು ಮುಂದಕ್ಕೆ ಸರಿಸಿದರು.

ಅಕ್ಕನ ಕೈ ತಾನೇ ಮುಂದೆ ಬಂತು. ಅವರು ಕಚ್ಚಿ ಇಟ್ಟದ್ದನ್ನೇ ಎತ್ತಿಕೊಂಡಿತು. ಬಾಯಿಗೆ ಹೋಯಿತು. ಅಷ್ಟು ದಿನ ಒಣಗಿದ ಬಾಯಿ, ಮೆಲ್ಲಗೆ, ಸೊಟ್ಟಗೆ, ಅಗಿಯತೊಡಗಿತು. ನುಂಗಿದ ಸಪ್ಪಳ ಪಡಸಾಲೆಗೆಲ್ಲ ಕೇಳಿಸಿತು. ನಮ್ಮಾಕಿ ನನ್ನ ತೋಳನ್ನು ಎಷ್ಟು ಗಟ್ಟಿ ಹಿಡಿದಿದ್ದಳೆಂದರೆ ಉಗುರಿನ ಗುರುತು ಬಹಳ ದಿನ ಹೋಗಲಿಲ್ಲ.

ಅಕ್ಕ ಇನ್ನೊಂದು ತುತ್ತು ಕಚ್ಚಿದಳು. ಖಾತ್ರಿ ಮಾಡಿಕೊಂಡಳು. ಆಮೇಲೆ ತಲೆ ತಗ್ಗಿಸಿ, ಬಹಳ ಸಣ್ಣ ದನಿಯಲ್ಲಿ ಹೇಳಿದಳು:

“ಕಡಿಮಿ ಅದ.”

ಇಷ್ಟು ವರ್ಷದ ಸಂಸಾರದಲ್ಲಿ ಭಾವನವರಿಗೆ ಒಮ್ಮೆಯೂ ಸಿಗದ ತೀರ್ಪು ಅದು. ಗದ್ದುಗೆಯ ಮಣ್ಣು ಇನ್ನೂ ಹಸಿಯಿರುವಾಗಲೇ ಅವರು ಗೆದ್ದಿದ್ದರು. ಆಗ ಅಕ್ಕನ ಕಣ್ಣಿನಿಂದ ನೀರು ಇಳಿಯಿತು, ಗಲ್ಲದ ಮೇಲಿಂದ ಹರಿದು ಬ್ರೆಡ್ಡಿನ ಮೇಲೆ ಬಿತ್ತು. ಆಕೆ ಒರೆಸಿಕೊಳ್ಳಲಿಲ್ಲ. ಅಳುತ್ತಲೇ ಉಳಿದದ್ದನ್ನು ತಿಂದಳು, ಮಜ್ಜಿಗೆ ಕುಡಿದಳು, ಕುಟ್ಟಿದ ಶೇಂಗಾವನ್ನು ಬೆರಳಿನಿಂದ ಬಳಿದು ತಿಂದಳು. ನಾನು ಓಡಿ ಹೋಗಿ ಇನ್ನೆರಡು ತಂದಿಟ್ಟೆ. ಒಂದನ್ನು ಕೈಯಲ್ಲಿ ಹಿಡಿದುಕೊಂಡು ಆಕೆ ತಲೆಯೆತ್ತಿದಳು. ನೋಡಿದ್ದು ಅಯ್ಯನವರನ್ನಲ್ಲ, ನಮ್ಮನ್ನಲ್ಲ. ಬಾಗಿಲ ಮೇಲೆ ವಿಭೂತಿ ಹಚ್ಚಿ ತೂಗುಹಾಕಿದ್ದ ಭಾವನ ಫೋಟೋವನ್ನು.

“ಇವತ್ತ ಕಡಿಮಿ ಅದ,” ಎಂದಳು ಬಾಯಲ್ಲಿ ತುತ್ತಿಟ್ಟುಕೊಂಡೇ. “ಅಂದ್ರ ದಿನಾ ಕಡಿಮಿ ಇತ್ತಂತ ಅಲ್ಲ. ಹೇಳಿರ್ತೇನಿ ನಿಮಗ.”